ಬೆಣ್ಣೆ ದೋಸೆಯ ಊರಿನಲ್ಲಿ ಹಾಡುವ ಗಂಟಲು

ಹಾಡುವವರ ಗಂಟಲನ್ನು ದಾವಣಗೆರೆಯಷ್ಟು ಸತಾಯಿಸುವ ಊರು ಕಡಿಮೆ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಿರ್ಚಿ ಮಂಡಕ್ಕಿ. ಬೇಸಿಗೆಯ ಧೂಳಿನ ಜೊತೆ ಮಂಡಕ್ಕಿ ಭಟ್ಟಿಗಳ ಹೊಗೆ. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಅರಳೆಯ ಧೂಳೂ ಸೇರಿಕೊಂಡಿತ್ತು. ಆದರೂ ಕಂಪನಿ ನಾಟಕ ಬೇರುಬಿಟ್ಟದ್ದು ಇದೇ ಊರಿನಲ್ಲಿ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಅದೇ ರಂಗದ ಮೇಲೆ ಬೆಳೆದು 1988ರಲ್ಲಿ ಪದ್ಮಶ್ರೀ ಪಡೆದರು.

ಮೈಕು ಬರುವ ಮುಂಚೆ ನಟರ ಕೆಲಸ ಸುಲಭದ್ದಾಗಿರಲಿಲ್ಲ. ಕಟ್ಟಕಡೆಯ ಸಾಲಿನವರಿಗೂ ಮಾತು ಮುಟ್ಟಬೇಕು, ಹಾಡು ಕೇಳಿಸಬೇಕು. ಹಾಗಾಗಿ ಶ್ರುತಿ ಏರುತ್ತಲೇ ಹೋಯಿತು. ಜನ ‘ವನ್ಸ್ ಮೋರ್’ ಎಂದರೆ ಅದೇ ಹಾಡು ಮತ್ತೊಮ್ಮೆ. ಪರದೆ ಬಿದ್ದು, ಬಣ್ಣ ತೊಳೆದು, ಊಟಕ್ಕೆ ಕೂರುವಾಗ ನಡುರಾತ್ರಿ ಕಳೆದಿರುತ್ತಿತ್ತು. ಉಂಡ ಕೂಡಲೇ ಹಾಸಿಗೆ. ಮರುದಿನ ದನಿ ಗೊಗ್ಗರಾದರೆ ದೂರು ಹಿಂದಿನ ರಾತ್ರಿಯ ಹಾಡಿನ ಮೇಲೆ ಹೋಗುತ್ತಿತ್ತೇ ಹೊರತು ಊಟದ ಮೇಲಲ್ಲ. ಆದರೆ ತುಂಬಿದ ಹೊಟ್ಟೆಯಲ್ಲಿ ಮಲಗಿದವರ ಜಠರದ ಆಮ್ಲ ಗಂಟಲವರೆಗೂ ಏರುವುದುಂಟು. ಎದೆಯುರಿ, ಹುಳಿತೇಗು ಇಲ್ಲದೆಯೂ ಏರಬಹುದು. ಬೆಳಗಿನ ಗೊಗ್ಗರು ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಪದೇ ಪದೇ ಕ್ಯಾಕರಿಸುವುದು ಇದರ ಗುರುತು. ಆ ಕ್ಯಾಕರಿಸುವ ಚಟವೂ ಧ್ವನಿತಂತುಗಳನ್ನು ಒಂದಕ್ಕೊಂದು ಬಡಿದು ಘಾಸಿ ಮಾಡುತ್ತದೆ.

ಪಂಚಾಕ್ಷರಿ ಗವಾಯಿಗಳ ಶಿಷ್ಯ, ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಊಟ, ನೀರಿನ ವಿಷಯದಲ್ಲಿ ಕಟ್ಟುನಿಟ್ಟು. ಕಛೇರಿಗೆ ಎಲ್ಲಿಗೇ ಹೋದರೂ ಕುಡಿಯುವ ನೀರು ಅವರ ಫ್ಲಾಸ್ಕಿನಲ್ಲೇ ಇರುತ್ತಿತ್ತು. ಕರಿದ ತಿಂಡಿ, ಉಪ್ಪಿನಕಾಯಿ, ಬೆಣ್ಣೆಗಳನ್ನು ದೂರ ಇಟ್ಟಿದ್ದರು. ದಾವಣಗೆರೆಯ ಆತಿಥ್ಯಕ್ಕೆ ಇವರಿಗಿಂತ ಕಷ್ಟದ ಅತಿಥಿ ಸಿಗಲಾರರು.

ಇನ್ನು ಮನೆಮದ್ದು. ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು, ಜೇನು, ಶುಂಠಿ ಕಷಾಯ, ಇವೆಲ್ಲ ಗಂಟಲಿಗೆ ಹಿತವೇ. ಆದರೆ ಒಂದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವ ಕ್ಷಣದಲ್ಲಿ ಗಾಳಿಕೊಳವೆಯ ಬಾಯಿ ಮುಚ್ಚಿಕೊಳ್ಳುತ್ತದೆ, ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆ. ಒಂದು ತೊಟ್ಟು ದಾರಿ ತಪ್ಪಿದರೂ ನೆತ್ತಿಗೇರಿ ಕೆಮ್ಮು ಬರುವುದು ಅದಕ್ಕೇ. ನೇರವಾಗಿ ಅಲ್ಲಿಗೆ ತಲುಪುವುದು ಉಸಿರಿನ ಜೊತೆ ಹೋಗುವ ಹಬೆ ಮಾತ್ರ. ಕುಡಿದ ನೀರು ರಕ್ತಕ್ಕೆ ಸೇರಿ ಆಮೇಲೆ ತಂತುಗಳಿಗೆ ತೇವ ಕೊಡುತ್ತದೆ. ಹಾಗಾಗಿ ವೇದಿಕೆ ಹತ್ತುವಾಗ ಗಟಗಟನೆ ಕುಡಿಯುವುದಕ್ಕಿಂತ ಬೆಳಗಿನಿಂದ ಕುಡಿಯುತ್ತಾ ಬರುವುದು ಮೇಲು. ದನಿ ಕೂತಾಗ ಪಿಸುಮಾತಿಗೆ ಇಳಿಯುವವರೂ ಇದ್ದಾರೆ. ಒತ್ತಿ ಆಡಿದ ಪಿಸುಮಾತಿನಿಂದ ಎಷ್ಟೋ ಸಲ ಇನ್ನಷ್ಟು ಆಯಾಸವೇ ಆಗುತ್ತದೆ. ಅದರ ಬದಲು ಸುಮ್ಮನಿರಬೇಕು.

ಧ್ವನಿತಂತುಗಳ ಶ್ರಮ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹೆಣ್ಣುಮಗಳೊಬ್ಬಳು 220 ಹರ್ಟ್ಸ್‌ನ ಷಡ್ಜ ಹಿಡಿದು ನಿಂತರೆ ಅವು ಸೆಕೆಂಡಿಗೆ 220 ಸಲ ತಾಗಿ ಬಿಡುತ್ತವೆ, ನಿಮಿಷಕ್ಕೆ 13,200 ಸಲ. ಬಲವಂತದಿಂದ ಹಾಡಿದರೆ ತಾಗುವ ಜಾಗದಲ್ಲಿ ಊತ ಬಂದು, ಕೊನೆಗೆ ಪುಟ್ಟ ಗಂಟು ಕಟ್ಟುತ್ತದೆ. ಹೆಂಗಸರಲ್ಲಿ, ಕಿರುಚಾಡುವ ಮಕ್ಕಳಲ್ಲಿ, ಪಾಠ ಮಾಡುವ ಮೇಷ್ಟರುಗಳಲ್ಲೂ ಇದು ಸಾಮಾನ್ಯ. ಬೇಗ ಕಂಡುಹಿಡಿದರೆ ಹೆಚ್ಚಿನವಕ್ಕೆ ಕತ್ತರಿ ಬೇಕಿಲ್ಲ. ವಿಶ್ರಾಂತಿ, ಉಸಿರಿನ ಅಭ್ಯಾಸ, ಧ್ವನಿ ಚಿಕಿತ್ಸೆ ಸಾಕಾಗುತ್ತದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸಕರನ್ನು ತಯಾರು ಮಾಡುತ್ತಿದೆ.

ಕಷ್ಟ ಇರುವುದು ಡಾಕ್ಟರ ಬಳಿಗೆ ಹೋಗುವುದರಲ್ಲೇ. ದನಿ ಕೆಟ್ಟಿದೆ ಎಂದು ಒಪ್ಪಿಕೊಂಡರೆ ಕಾರ್ಯಕ್ರಮ ಕೈತಪ್ಪುತ್ತದೆಂಬ ಅಂಜಿಕೆ. ಆದರೆ ಗಂಟಲು ನೋಡುವ ಕನ್ನಡಿ ಹುಟ್ಟಿದ್ದೇ ಒಬ್ಬ ಸಂಗೀತ ಮೇಷ್ಟರ ಕೈಯಲ್ಲಿ. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಗಾಯನ ಗುರು ದಂತವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳು ಆಡುವುದನ್ನು ಕಂಡ. ಇಂದಿಗೂ ಇ.ಎನ್.ಟಿ. ಡಾಕ್ಟರು ಆ ಕನ್ನಡಿಗೆ ಉಸಿರಿನ ಮಂಜು ಹಿಡಿಯದಂತೆ ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ನಾಲಿಗೆ ಹಿಡಿದು, ‘ಈ ಅನ್ನಿ’ ಎನ್ನುತ್ತಾರೆ. ಕ್ಯಾಮೆರಾ ಇರುವ ಕೊಳವೆ ಈಗ ಅದನ್ನೇ ಪರದೆಯ ಮೇಲೆ ತೋರಿಸುತ್ತದೆ. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಈ ಪರೀಕ್ಷೆ ಮಾಡಿಸಲೇಬೇಕು. ಬೀಡಿ, ಗುಟ್ಕಾ ಚಟವಿದ್ದವರು ಅಷ್ಟು ದಿನವೂ ಕಾಯಬಾರದು.

ಚಿಕಿತ್ಸೆ ಆದಮೇಲೆ ಹಳೆಯ ದನಿಯೇ ಮರಳುತ್ತದೆಂಬ ಖಾತರಿ ಇಲ್ಲ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲ ತೊಂದರೆಗೆ ಚಿಕಿತ್ಸೆ ಆದಮೇಲೆ ಅದು ಗಂಡಸಿನಷ್ಟು ಗಡುಸಾಯಿತು. ಕಳೆದುಹೋದ ದನಿಯ ಬೆನ್ನು ಹತ್ತದೆ ಅವರು ಇರುವ ದನಿಗೇ ಖಯಾಲ್ ಒಗ್ಗಿಸಿದರು, 2002ರಲ್ಲಿ ಪದ್ಮವಿಭೂಷಣ ಬಂತು. ಸುಳೇಭಾವಿಯ ಕುಮಾರ ಗಂಧರ್ವರದು ಶ್ವಾಸಕೋಶದ ಕಥೆ. ಕ್ಷಯ ಹಿಡಿದು 1948ರಲ್ಲಿ ದೇವಾಸಕ್ಕೆ ಹೋದವರು ಹಾಡಿಗೆ ಮರಳಿದ್ದು 1953ರಲ್ಲಿ. ಉದ್ದ ತಾನಿಗೆ ಉಸಿರು ಸಾಲದೆ ತುಂಡು ತುಂಡಾದ ಸಾಲುಗಳೇ ಅವರ ಶೈಲಿಯಾದವು.

ಇಬ್ಬರೂ ಶರೀರ ಒಪ್ಪುವಷ್ಟಕ್ಕೇ ಹಾಡನ್ನು ತಿದ್ದಿಕೊಂಡರು. ಆದರೆ ಆವರಗೆರೆಯಿಂದ ಹರಿಹರದವರೆಗೆ ಜಾತ್ರೆಯ ನಾಟಕಕ್ಕೆ ತಾಲೀಮು ನಡೆಯುವಾಗ ಶ್ರುತಿ ಇಳಿಸುವುದೆಂದರೆ ಮರ್ಯಾದೆ ಇಳಿದಂತೆ ಎಂದುಕೊಳ್ಳುವವರು ಇನ್ನೂ ಇದ್ದಾರೆ. ಹಾರ್ಮೋನಿಯಂ ಮಾಸ್ತರು ಒಂದು ಮನೆ ಕೆಳಗಿಳಿದು ಬಾರಿಸಿದರೆ ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಸಂಘಟಕರೂ ಒಂದು ಕೆಲಸ ಮಾಡಬಹುದು. ಸ್ಪೀಕರುಗಳ ರಾಶಿಯನ್ನೆಲ್ಲ ಜನರ ಕಡೆಗೆ ತಿರುಗಿಸಿಟ್ಟರೆ ಹಾಡುವವರಿಗೆ ತಮ್ಮ ದನಿಯೇ ಕೇಳಿಸದೆ, ಕೇಳಿಸಲೆಂದೇ ಅವರು ಕಿರುಚತೊಡಗುತ್ತಾರೆ. ಅವರ ಕಡೆಗೂ ಒಂದು ಚಿಕ್ಕ ಸ್ಪೀಕರ್ ಇಟ್ಟರಾಯಿತು, ಅದಕ್ಕೆ ಮಹಾ ಖರ್ಚೇನೂ ಬರುವುದಿಲ್ಲ.