ಶೇ 60 ಸರಿ, ಓದಲು ಬರುತ್ತದೆಯೇ?

ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ ಒಮ್ಮೆ ತಲೆಯೆತ್ತಿ ಬೋರ್ಡುಗಳನ್ನು ನೋಡುತ್ತಾ ನಡೆಯಿರಿ. ಎಷ್ಟೋ ಅಂಗಡಿಗಳ ಮುಖ ಕಿರಿದು, ಹೆಸರು ಮಾತ್ರ ಉದ್ದ. ಇಂಗ್ಲಿಷಿಗೆ ಇದೊಂದು ಸಮಸ್ಯೆಯೇ ಅಲ್ಲ. ಕಡಿಮೆ ಜಾಗದಲ್ಲಿ ದಪ್ಪಗೆ, ಒತ್ತೊತ್ತಾಗಿ ನಿಲ್ಲುವ ಅಕ್ಷರಗಳು ಅದಕ್ಕೆ ಬೇಕಾದಷ್ಟಿವೆ. ಮೀಮ್‌ಗಳಲ್ಲಿ ನಾವೆಲ್ಲ ನೋಡಿರುವ ‘ಇಂಪ್ಯಾಕ್ಟ್’ ಫಾಂಟ್ 1965ರಷ್ಟು ಹಳೆಯದು. ಕನ್ನಡದ ಹೆಸರಿಗೆ ಸಿಗುವುದೇನು? ಮಾಮೂಲಿ ಫಾಂಟನ್ನೇ ಕಂಪ್ಯೂಟರಿನಲ್ಲಿ ಎರಡೂ ಬದಿಯಿಂದ ಹಿಸುಕಿದ ರೂಪ.

ಹೀಗೆ ಹಿಸುಕಿದಾಗ ನಿಂತ ಗೆರೆಗಳು ಸಣಕಲಾಗುತ್ತವೆ, ಅಡ್ಡಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ನಮ್ಮ ಅಕ್ಷರಗಳೋ ದುಂಡು. ಮೇಲೆ ತಲೆಕಟ್ಟು, ಕೆಳಗೆ ಒತ್ತು. ಒಳಗಿನ ಖಾಲಿ ಜಾಗ ಮುಚ್ಚಿಹೋದರೆ ರಸ್ತೆಯಾಚೆಯಿಂದ ಕಾಣುವುದು ಬರೀ ಬಣ್ಣದ ಮುದ್ದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ದಪ್ಪ ಮಾಡುವ ಭರದಲ್ಲಿ ಅದು ತುಂಬಿಹೋದರೆ ಧನ ದನವಾಗುತ್ತದೆ!

2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಇದು ಸ್ವಾಗತಾರ್ಹ. ಆದರೆ ಟೇಪು ಹಿಡಿದು ಅಳೆಯಬಹುದಾದದ್ದು ಜಾಗವನ್ನು ಮಾತ್ರ. ಅಷ್ಟು ಜಾಗ ಸಿಕ್ಕಿಯೂ ಕನ್ನಡ ಓದಲಾಗದಂತಿದ್ದರೆ ಜನ ಪಕ್ಕದ ಇಂಗ್ಲಿಷನ್ನೇ ಓದಿಕೊಂಡು ಒಳಗೆ ಹೋಗುತ್ತಾರೆ. ಇದಕ್ಕೆ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಬೋರ್ಡ್ ಮಾಡಿಕೊಡುವವರ ಕಂಪ್ಯೂಟರಿನಲ್ಲಿ ಎಷ್ಟೋ ಕಡೆ ಯೂನಿಕೋಡ್‌ಗಿಂತ ಹಿಂದಿನ ಹಳೆಯ ಫಾಂಟ್‌ಗಳೇ ಇವೆ. ಇರುವುದರಲ್ಲೇ ಅವರು ಹೊಂದಿಸುತ್ತಾರೆ.

ಹಾಗೆಂದು ಪರಿಹಾರ ದುಬಾರಿಯೇನಲ್ಲ. ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ ‘ಅನೇಕ್’ ಫಾಂಟ್ ಬಳಗದಲ್ಲಿ ಕನ್ನಡವೂ ಇದೆ. ತೆಳುವಿನಿಂದ ದಪ್ಪಕ್ಕೆ, ಕಿರಿದರಿಂದ ಅಗಲಕ್ಕೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಕಿರಿದಾದ ರೂಪವನ್ನು ಬೇರೆಯಾಗಿಯೇ ವಿನ್ಯಾಸ ಮಾಡಿರುವುದರಿಂದ ಗೆರೆಗಳ ಹದ ಕೆಡುವುದಿಲ್ಲ. ಮುಕ್ತ ಪರವಾನಗಿಯ ಫಾಂಟ್ ಆದ್ದರಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಇಂಥದ್ದು ಒಂದೆರಡು ಇದ್ದರೆ ಸಾಲದು, ಹತ್ತಾರು ಬೇಕು. ಅಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಕೆಲಸವಿದೆ. ಫಾಂಟ್ ಎಂದರೆ ಚಿತ್ರ ಬರೆಯುವವರ ಕೆಲಸ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಯಾವ ಅಕ್ಷರಕ್ಕೆ ಯಾವ ಒತ್ತು ಎಲ್ಲಿ ಕೂರಬೇಕು, ಗುಣಿತಾಕ್ಷರ ಯಾವಾಗ ರೂಪ ಬದಲಿಸಬೇಕು ಎಂಬ ನಿಯಮಗಳನ್ನೆಲ್ಲ ಫಾಂಟಿನೊಳಗೆ ಕೋಡ್‌ನಂತೆಯೇ ಬರೆಯಬೇಕು. ಕನ್ನಡವೂ ಕೋಡಿಂಗೂ ಎರಡೂ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೆ?

ಮೊದಲ ಹೆಜ್ಜೆ ಇನ್ನೂ ಸುಲಭ. ಈ ಸಲದ ರಾಜ್ಯೋತ್ಸವಕ್ಕೆ ಕಾಲೇಜಿನ ಬ್ಯಾನರ್ ಮಾಡುವಾಗ ಅಕ್ಷರಗಳನ್ನು ಹಿಸುಕಬೇಡಿ, ಸರಿಯಾದ ಫಾಂಟ್ ಆರಿಸಿ. ಪ್ರಿಂಟಿಗೆ ಕೊಡುವ ಮುನ್ನ ಹತ್ತು ಹೆಜ್ಜೆ ಹಿಂದೆ ಸರಿದು ಓದಿ ನೋಡಿ. ಓದಲು ಕಷ್ಟವಾದರೆ ಇನ್ನೊಮ್ಮೆ ಮಾಡಿ.