ಲೈಟ್‌ಹೌಸ್ ಹತ್ರ ಲಾಭ ಕೇಳ್ಬೇಡಿ

1/5
ಕಾಪು ಲೈಟ್‌ಹೌಸ್ ಫೋಟೋ ಹಾಕಿದ್ದಕ್ಕೆ ನಮ್ಮ ಕ್ಲಾಸಿನವನೊಬ್ಬ ಕಮೆಂಟ್ ಮಾಡಿದ: "ಮಗಾ, ಈಗ ಜಿಪಿಎಸ್ ಇದೆ. ಇದನ್ನ ಹೋಟೆಲ್ ಮಾಡಿದ್ರೆ ನಾಲ್ಕು ಕಾಸಾದ್ರೂ ಬರುತ್ತೆ." ಅದಕ್ಕೆ ಹದಿನೆಂಟು ಲೈಕ್! ಬಿಕಾಂನವರು ನಾವು, ಏನು ಕಂಡ್ರೂ ಮೊದಲು ಲಾಭ-ನಷ್ಟ. ಸರಿ, ಲೆಕ್ಕಾನೇ ಮಾಡೋಣ.

2/5
ಕಾಪು ಲೈಟ್‌ಹೌಸ್ 1901ರದ್ದು. ಅದಕ್ಕಿಂತ ಹಳೇದು ಕಾರವಾರದ ಎದುರು ಸಮುದ್ರದಲ್ಲಿರೋ ದೇವಗಡ ದ್ವೀಪದ್ದು, 1864. ಆಯ್ಸ್ಟರ್ ರಾಕ್ ಅಂತಾರೆ. ನಮ್ಮ ಬೈಕ್ ಅಲ್ಲಿವರೆಗೆ ಹೋಗಲ್ಲ, ಅದಕ್ಕೇ ರೀಲ್ಸೂ ಇಲ್ಲ. ಆಗ ಅಮೆರಿಕದಲ್ಲಿ ಅಂತರ್ಯುದ್ಧ, ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಬರ. ಧಾರವಾಡದ ಹತ್ತಿ ಸಾಗಿಸೋಕೆ ಬ್ರಿಟಿಷರು ಕಾರವಾರ ಬಂದರಿನ ಮೇಲೆ ಕಣ್ಣಿಟ್ಟಿದ್ದ ಕಾಲ. ನಮ್ಮ ಮೇಲಿನ ಪ್ರೀತಿಗೆ ಹಚ್ಚಿದ ದೀಪ ಅಲ್ಲ, ಗೊತ್ತು. ಆದರೆ ಹಚ್ಚಿದ ಮೇಲೆ ಬೆಳಕು ಅವರ ಹಡಗಿಗೆ ಮಾತ್ರ ಕಾಣೋ ಹಾಗೆ ಮಾಡೋಕಾಗಲ್ಲ. ಮೀನು ಹಿಡಿಯೋರ ದೋಣಿಗೂ ಅದೇ ಬೆಳಕು.

3/5
ಎಕನಾಮಿಕ್ಸ್‌ನಲ್ಲಿ 'ಸಾರ್ವಜನಿಕ ಸರಕು' ಅಂದ ತಕ್ಷಣ ಲೈಟ್‌ಹೌಸ್ ಉದಾಹರಣೆ ಬರೋದು ಇದಕ್ಕೇ. "ಇಂಗ್ಲೆಂಡಲ್ಲಿ ಖಾಸಗಿಯವರೂ ಕಟ್ಟಿದ್ರು ಅಂತ ರೊನಾಲ್ಡ್ ಕೋಸ್ 1974ರಲ್ಲೇ ಬರೆದಿದಾರಲ್ಲ" ಅಂತೀರಾ? ಹೌದು. ಆದ್ರೆ ಬಂದರಲ್ಲಿ ಶುಲ್ಕ ವಸೂಲಿ ಮಾಡೋಕೆ ಅವರಿಗೂ ರಾಜನ ಅನುಮತಿ ಬೇಕಿತ್ತು. ನಮ್ಮಲ್ಲೂ ಬಂದರಿಗೆ ಬರೋ ಹಡಗುಗಳಿಂದ ಕಾನೂನಿನ ಪ್ರಕಾರ 'ಲೈಟ್ ಡ್ಯೂಸ್' ವಸೂಲಿ ಆಗುತ್ತೆ. ಅಂದ್ರೆ ಖರ್ಚಿಗೆ ದಾರಿ ಇದೆ. ದೀಪ ಬಿಟ್ಟಿ ಅಲ್ಲ, ಯಾರ ಸ್ವಂತದ್ದೂ ಅಲ್ಲ.

4/5
ಇನ್ನು ಜಿಪಿಎಸ್. ಅದೂ ಅಮೆರಿಕ ಸರ್ಕಾರ ತೆರಿಗೆ ದುಡ್ಡಲ್ಲಿ ಆಕಾಶದಲ್ಲಿಟ್ಟಿರೋ ಲೈಟ್‌ಹೌಸೇ ಗುರು! ಲಾಭಕ್ಕೆ ನಡೀತಿಲ್ಲ. ಅದನ್ನ ಜಾಮ್ ಕೂಡ ಮಾಡ್ತಾರೆ; ಬಾಲ್ಟಿಕ್, ಕಪ್ಪು ಸಮುದ್ರದ ಹಡಗಿನವರು ಇದನ್ನ ಅನುಭವಿಸಿದಾರೆ. ಬಂಡೆ ಮೇಲಿನ ದೀಪ ನೋಡೋಕೆ ಸಿಗ್ನಲ್ ಬೇಡ, ಕಣ್ಣು ಸಾಕು.

5/5
ನಮ್ಮ ಕೆ.ಆರ್.ಪುರದ ಗಲ್ಲಿಯಲ್ಲಿ ಮೂರು ವಾರ ಬೀದಿದೀಪ ಇರಲಿಲ್ಲ. ಒಂದು ಮನೆಯವರು ಗೇಟ್ ಲೈಟನ್ನ ತಮ್ಮ ಕಾರಿನ ಕಡೆ ಮಾತ್ರ ತಿರುಗಿಸ್ಕೊಂಡ್ರು. "ಕರೆಂಟ್ ಬಿಲ್ ನಮ್ದು, ನಿಮ್ಗೆ ಮೊಬೈಲ್ ಟಾರ್ಚ್ ಇಲ್ವಾ?" ಲೆಕ್ಕದಲ್ಲಿ ತಪ್ಪಿಲ್ಲ. ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಸಿ ಬರ್ತಿದ್ದ ಅಮ್ಮನ ಮೊಬೈಲಲ್ಲಿ ಒಂದಿನ ಚಾರ್ಜ್ ಇರಲಿಲ್ಲ. ಚರಂಡಿ ಕಲ್ಲಿಗೆ ಕಾಲು ಸಿಕ್ಕಿ ಉಳುಕ್ತು. ಅದಕ್ಕೇ ಆ ಕಮೆಂಟ್ ನೋಡಿ ನಗು ಬರಲಿಲ್ಲ.

2021ರ ಕಾಯ್ದೆಯಲ್ಲಿ ಪಾರಂಪರಿಕ ಲೈಟ್‌ಹೌಸ್‌ಗಳನ್ನ ಗುರುತಿಸೋಕೆ ಅವಕಾಶ ಇದೆ. ಗುರುತಿಸಲಿ. ಮ್ಯೂಸಿಯಂ ಮಾಡಲಿ, ಟಿಕೆಟ್ ಇಡಲಿ, ನಾನೇ ಕ್ಯೂ ನಿಲ್ತೀನಿ. ಆದ್ರೆ ದೀಪ ಉರೀತಾ ಇರ್ಲಿ. ಮುಂದಿನ ಸಲ ಕಾಪುಗೆ ಹೋದ್ರೆ ಸನ್‌ಸೆಟ್ ಫೋಟೋ ತೆಗೆದು ಓಡ್ಬೇಡಿ. ದೀಪ ಹತ್ತೋವರೆಗೂ ಇರಿ. ಆಮೇಲೆ ಸಮುದ್ರದ ಕಡೆ ತಿರುಗಿ, ಎಷ್ಟು ದೋಣಿ ಇದೆ ಎಣಿಸಿ.

ಒಪ್ಪದವರು ಕಮೆಂಟ್‌ಗೆ ಬನ್ನಿ. ಜಗಳ ಆಡೋಣ.

#ಕಾಪು #ಕಾರವಾರ #ಬಿಕಾಂಬದುಕು