ದಾರಿ ತೆರೆದವರು

1948ರ ಎಪ್ರಿಲ್ 8ರಂದು, ಕಾಶ್ಮೀರ ಯುದ್ಧದ ನೌಶೇರಾ–ರಾಜೌರಿ ಮಾರ್ಗದಲ್ಲಿ ಶತ್ರುವಿನ ಮಾರ್ಟರ್ ಗುಂಡುಗಳಿಗೆ ಮುಂಬಯಿ ಇಂಜಿನಿಯರ ದಳದ ಇಬ್ಬರು ಯೋಧರು ಬಲಿಯಾದರು, ಐವರು ಗಾಯಗೊಂಡರು. ಗಾಯಾಳುಗಳಲ್ಲಿ ತುಕಡಿಯ ನಾಯಕರೂ ಇದ್ದರು: ಕಾರವಾರದ ಬಳಿಯ ಚೆಂಡಿಯಾ ಮನೆತನದ, 29ರ ಹರೆಯದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ.

ಅವರು ಹಿಮ್ಮೆಟ್ಟಲಿಲ್ಲ. ಎಪ್ರಿಲ್ 11ರ ವರೆಗೆ ಹೂತಿಟ್ಟ ಸಿಡಿಮದ್ದನ್ನು ಕಿತ್ತು, ಅಡ್ಡಗೆಡಹಿದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ತೆರೆದರು. ಪರಮವೀರಚಕ್ರವು ಅವರ ಎದೆಯನ್ನು ಅಲಂಕರಿಸಿತು. 1994ರಲ್ಲಿ ಅವರು ಕಾಲವಶರಾದರು. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೆ ಅವರ ಹೆಸರನ್ನಿಡಲಾಯಿತು.

ಆದರೆ ಮೊದಲ ದಿನವೇ ಮಡಿದ ಆ ಇಬ್ಬರು? ನಾಯಕನ ಕೀರ್ತಿಯಲ್ಲಿ ಅನುಚರರ ನೆತ್ತರೂ ಪಾಲುಗೊಂಡಿದೆಯೆಂಬುದನ್ನು ಮರೆಯುವ ನಾಡು ವೀರಪೂಜೆಗೆ ಅರ್ಹವಲ್ಲವೆಂದು ನಾವು ಬಗೆಯುತ್ತೇವೆ. ಕುಮಟಾ, ಹೊನ್ನಾವರ, ಭಟ್ಕಳಗಳ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೇ: ನಮ್ಮ ಜಿಲ್ಲೆಯ ಈ ವೀರನ ಕಥೆಯನ್ನು ಮಕ್ಕಳಿಗೆ ಹೇಳಿರಿ, ಮಡಿದ ಆ ಇಬ್ಬರಿಂದಲೇ ಅದನ್ನು ಆರಂಭಿಸಿರಿ.